ಅಕ್ಕನ ಹಾಜರಿ

ಅಕ್ಕ ಸತ್ತ ಮೇಲೆ ಏಳು ತಿಂಗಳು ಅವಳ ಹಾಜರಿ ಒಂದು ದಿನವೂ ತಪ್ಪಲಿಲ್ಲ. ಬೆಳಿಗ್ಗೆ ಆರಕ್ಕೆ ಕಸ ಎತ್ತುವವರ ಮೇಸ್ತ್ರಿ ಒಂದೊಂದೇ ಹೆಸರು ಕೂಗುತ್ತಿದ್ದ. ಅಕ್ಕನ ಹೆಸರು ಬಂದಾಗ "ಇದೀನಿ" ಎನ್ನುತ್ತಿದ್ದವಳು ನಾನು. ಪುಸ್ತಕದಲ್ಲಿ ಅವಳ ಹೆಸರಿನ ಮುಂದಿನ ಚೌಕದಲ್ಲಿ ಅವಳ ಸಹಿ ಹಾಕುತ್ತಿದ್ದವಳೂ ನಾನೇ.

ಮೊದಲ ವಾರ ಹಿಂದಿನ ಚೌಕ ನೋಡಿ ನೋಡಿ ಬರೆಯುತ್ತಿದ್ದೆ. ಎರಡನೆಯ ತಿಂಗಳಿಗೆ ನೋಡುವುದು ನಿಂತಿತು. ನಿಂತ ಮೇಲೆ ನನಗೆ ಹೆಚ್ಚು ಹೆದರಿಕೆಯಾಯಿತು.

ಅಕ್ಕ ಹೇಗೆ ಸತ್ತಳು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ.

ಕಳೆದ ವರ್ಷ ನಗರಸಭೆ ಮನೆಮನೆಯ ಕಸಕ್ಕೆ ಹೊಸ ನಿಯಮ ತಂದಿತು. ಹಸಿರು ಬಕೆಟ್ಟಿಗೆ ಹಸಿ ಕಸ. ನೀಲಿ ಬಕೆಟ್ಟಿಗೆ ಒಣ ಕಸ. ಗಾಜು, ಬ್ಲೇಡು, ಸೂಜಿಗಳನ್ನು ದಪ್ಪ ಕಾಗದದಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ, ಬೇರೆಯಾಗಿ ಕೈಗೆ ಕೊಡಬೇಕು. ಹನ್ನೆರಡು ನಿಯಮಗಳ ಹಾಳೆಯನ್ನು ಅಚ್ಚು ಹಾಕಿಸಿ, ಪ್ರತಿ ಬಾಗಿಲಿಗೂ ಅಂಟಿಸಿ ಜನಕ್ಕೆ ತಿಳಿಹೇಳುವ ಕೆಲಸವನ್ನು ಕಸ ಎತ್ತುವವರಿಗೇ ಕೊಟ್ಟರು. ಒಂಬತ್ತನೆಯ ನಿಯಮ ಹೀಗಿತ್ತು: ವಿಂಗಡಿಸದ ಕಸವನ್ನು ಯಾವ ಕಾರಣಕ್ಕೂ ಸ್ವೀಕರಿಸತಕ್ಕದ್ದಲ್ಲ.

ಅಕ್ಕ ಏಳನೆಯ ಕ್ಲಾಸು ಓದಿದವಳು. ಹಾಳೆ ಕೈಗೆ ಬಂದ ದಿನವೇ ಹನ್ನೆರಡನ್ನೂ ಬಾಯಿಪಾಠ ಮಾಡಿದಳು. ಮನೆಯಲ್ಲಿ ಅಮ್ಮನ ಮುಂದೆ ನಿಂತು ಒಪ್ಪಿಸಿದಳು. ಅಮ್ಮ ಇಪ್ಪತ್ತಾರು ವರ್ಷ ಇದೇ ಊರಿನ ಬೀದಿ ಗುಡಿಸಿದವಳು. ಕೇಳಿಸಿಕೊಂಡು ಹೇಳಿದಳು:

"ನಮ್ಮ ಕಾಲದಲ್ಲಿ ಕಸಕ್ಕೆ ನಿಯಮ ಇರಲಿಲ್ಲ. ನಮಗೂ ಇರಲಿಲ್ಲ. ಈಗ ಕಸಕ್ಕೆ ಬಂತಾ? ಮೊದಲು ಅದಕ್ಕೇ ಬರ್ಲಿ ಬಿಡು."

ಅಕ್ಕ ನಕ್ಕಳು. ಮಾರನೆಯ ದಿನದಿಂದ ತನ್ನ ಬೀದಿಯ ಅರವತ್ತೆರಡು ಮನೆಗಳ ಬಾಗಿಲಲ್ಲಿ ನಿಂತು ಹೇಳತೊಡಗಿದಳು. ಹಸಿ ಬೇರೆ ಅಮ್ಮಾ, ಒಣ ಬೇರೆ. ಗಾಜು ಇದ್ರೆ ಪೇಪರಲ್ಲಿ ಸುತ್ತಿ ಕೊಡಿ ಅಣ್ಣಾ. ಜನ ತಲೆಯಾಡಿಸಿದರು. ಕೆಲವರು ಫೋನಿನಲ್ಲಿ ಮಾತಾಡುತ್ತಲೇ ತಲೆಯಾಡಿಸಿದರು. ಆಮೇಲೆ ಎಲ್ಲವನ್ನೂ ಒಂದೇ ಕಪ್ಪು ಚೀಲಕ್ಕೆ ತುಂಬಿ, ಬಾಯಿಗೆ ಗಂಟು ಹಾಕಿ ಹೊರಗಿಟ್ಟರು.

ಅಕ್ಕ ಒಂದು ಮನೆಯ ಚೀಲವನ್ನು ತೆಗೆದುಕೊಳ್ಳಲಿಲ್ಲ. ಒಂಬತ್ತನೆಯ ನಿಯಮ ಎಂದಳು. ಆ ಮನೆಯವರು ಮೇಸ್ತ್ರಿಗೆ ಫೋನು ಮಾಡಿದರು. ಮೇಸ್ತ್ರಿ ಅಕ್ಕನಿಗೆ ಫೋನು ಮಾಡಿದ. "ಏನೇ, ನೀನೇನು ಕಮಿಷನರಾ? ಸುಮ್ನೆ ಎತ್ಕೊಂಡು ಹೋಗು." ಎತ್ತಿಕೊಂಡು ಹೋದರೆ ವಿಂಗಡಣೆ ಶೆಡ್ಡಿನ ಗೇಟಿನವನು ಗಾಡಿಯನ್ನು ಒಳಗೆ ಬಿಡಲಿಲ್ಲ. ಇನ್ನು ಮೇಲೆ ಬೆರಕೆ ಕಸ ತಂದವರಿಗೆ ಆ ದಿನ ಗೈರುಹಾಜರಿ ಎಂದ. ಮನೆಯವರಿಗೆ ದಂಡ ಎಂದೂ ಹಾಳೆಯಲ್ಲಿತ್ತು. ದಂಡ ಹಾಕುವವರು ಯಾರೂ ಬರಲಿಲ್ಲ.

ಹೀಗೆ ಬೀದಿಗೂ ಶೆಡ್ಡಿಗೂ ನಡುವೆ ಉಳಿದದ್ದು ಕಸ ಎತ್ತುವವರ ಕೈ. ಬೀದಿಯ ಕೊನೆಯಲ್ಲಿ ಕರೆಂಟಿನ ಟ್ರಾನ್ಸ್‌ಫಾರ್ಮರಿನ ಹಿಂದೆ ಟಾರ್ಪಾಲು ಹಾಸಿ, ಅಕ್ಕ ಮತ್ತು ಎಲ್ಲರೂ ಉದ್ದನೆಯವಳು ಎಂದು ಕರೆಯುತ್ತಿದ್ದ ಅವಳ ಜೊತೆಗಾತಿ ದಿನಾ ಅರವತ್ತೆರಡು ಚೀಲ ಬಿಚ್ಚುತ್ತಿದ್ದರು. ವರ್ಷಕ್ಕೆ ಎರಡು ಜೊತೆ ಗ್ಲೌಸು ಕೊಡುತ್ತಿದ್ದರು. ಅವು ತಿಂಗಳಿಗೆ ಹರಿಯುತ್ತಿದ್ದವು. ಆಮೇಲೆ ಕೈಗೆ ಹಾಲಿನ ಪ್ಯಾಕೆಟ್ಟಿನ ಕವರು, ಮಣಿಕಟ್ಟಿಗೆ ದಾರ.

ಒಂದು ದಿನ ಒಂದು ಚೀಲದಲ್ಲಿ ಹಳಸಿದ ಊಟ, ತರಕಾರಿ ಸಿಪ್ಪೆ, ಮಗುವಿನ ಡೈಪರು ಇದ್ದವು. ಅವುಗಳ ಅಡಿಯಲ್ಲಿ ಒಡೆದ ಗಾಜಿನ ಲೋಟ. ಅದರ ಚೂರು ಅಕ್ಕನ ಬಲಗೈ ಹೆಬ್ಬೆರಳಿನ ಬುಡಕ್ಕೆ ಇಳಿಯಿತು. ಉದ್ದನೆಯವಳು ಅದನ್ನು ಎರಡು ಕೈಯಿಂದ ಎಳೆದು ತೆಗೆದಳು. ಅಕ್ಕ ಮೇಸ್ತ್ರಿಗೆ ಫೋನು ಮಾಡಿ, ದವಾಖಾನೆಗೆ ಹೋಗಿ ಒಂದು ಇಂಜೆಕ್ಷನ್ನು ಹಾಕಿಸಿಕೊಂಡು ಬರುತ್ತೇನೆ ಎಂದಳು.

"ಗಾಡಿ ಖಾಲಿ ಮಾಡಿ ಹೋಗು" ಎಂದ ಅವನು.

ಗಾಡಿ ಖಾಲಿಯಾದದ್ದು ಒಂದು ಗಂಟೆಗೆ. ದವಾಖಾನೆ ಮುಚ್ಚುತ್ತಿದ್ದದ್ದು ಹನ್ನೆರಡಕ್ಕೆ. ಮಾರನೆಯ ದಿನವೂ ಹಾಗೇ ಆಯಿತು. ಮೂರನೆಯ ದಿನ ರಕ್ತ ನಿಂತಿತ್ತು. ಬಡವರ ಮನೆಯಲ್ಲಿ ರಕ್ತ ನಿಂತರೆ ವಾಸಿಯಾದಂತೆ.

ಎಂಟನೆಯ ದಿನ ಊಟಕ್ಕೆ ಕೂತಾಗ ಅಕ್ಕ ಬಾಯಿ ತೆರೆಯಲು ಒದ್ದಾಡಿದಳು. "ಜನಕ್ಕೆ ನಿಯಮ ಹೇಳಿ ಹೇಳಿ ದವಡೆ ಸವೆದುಹೋಗಿದೆ ಕಣೇ" ಎಂದಳು. ನಾವು ನಕ್ಕೆವು. ಅಮ್ಮ, ನಾನು ಇಬ್ಬರೂ ನಕ್ಕೆವು. ಅದನ್ನು ಮುಚ್ಚಿಡುವುದಿಲ್ಲ. ಹತ್ತನೆಯ ದಿನ ಅವಳ ಬೆನ್ನು ಬಿಲ್ಲಿನಂತೆ ಬಾಗಿತು.

ಧನುರ್ವಾಯು ಬಂದವರನ್ನು ಆಸ್ಪತ್ರೆಯ ಕತ್ತಲೆ ಕೋಣೆಯಲ್ಲಿ ಮಲಗಿಸುತ್ತಾರೆ. ಬೆಳಕು ತಾಗಬಾರದು, ಸದ್ದಾಗಬಾರದು. ಹೊರಗೆ ಯಾರೋ ಚಮಚ ಬೀಳಿಸಿದರೆ ಒಳಗೆ ಅಕ್ಕನ ಮೈ ಮೇಲೆದ್ದು ಬಾಗುತ್ತಿತ್ತು. ತಲೆ ಮತ್ತು ಹಿಮ್ಮಡಿ ಮಾತ್ರ ಹಾಸಿಗೆಗೆ ತಾಗುತ್ತಿದ್ದವು. ತುಟಿ ಎಳೆದುಕೊಂಡು ಹಲ್ಲು ಕಾಣುತ್ತಿತ್ತು. ದೂರದಿಂದ ನೋಡಿದವರಿಗೆ ನಗುತ್ತಿದ್ದಾಳೆ ಎನಿಸಬೇಕು. ನಾನು ಚಪ್ಪಲಿ ಬಿಟ್ಟು ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದೆ. ಅವಳು ಏನೋ ಹೇಳಬೇಕೆಂದಿದ್ದಳು. ಕಚ್ಚಿದ ಹಲ್ಲಿನ ನಡುವಿನಿಂದ "ಮ್... ಮ್..." ಎಂದಷ್ಟೇ ಬಂತು.

"ಅಮ್ಮನ್ನ ಕರೀಲಾ?" ಪಿಸುಗುಟ್ಟಿದೆ. ಕಣ್ಣು ಅಲ್ಲ ಎಂದಿತು.

"ಮನೆನಾ? ಆ ಲೋಟ ಯಾವ ಮನೇದು ಅಂತ ಹೇಳ್ತಿದೀಯಾ?"

ಅವಳು ಒಮ್ಮೆ ಕಣ್ಣು ಮುಚ್ಚಿ ತೆರೆದಳು. ಅಷ್ಟರಲ್ಲಿ ಯಾವುದೋ ಬಾಗಿಲು ಬಡಿಯಿತು. ಅವಳು ಮತ್ತೆ ಬಾಗಿದಳು. ಆಸ್ಪತ್ರೆಗೆ ಸೇರಿದ ನಾಲ್ಕನೆಯ ದಿನ ಸತ್ತಳು.

ಮಣ್ಣು ಮಾಡಿ ಬಂದ ಮೂರನೆಯ ದಿನ ಮೇಸ್ತ್ರಿ ಮನೆಗೆ ಬಂದ. ಕೂರಲಿಲ್ಲ. ನನ್ನನ್ನು ಹೊರಗೆ ನಲ್ಲಿಯ ಹತ್ತಿರ ಕರೆದು ಮಾತಾಡಿದ.

"ಸತ್ತಿದ್ದು ಆಸ್ಪತ್ರೇಲಿ. ಕೆಲಸದ ಮೇಲಲ್ಲ. ಅದನ್ನ ಮನಸಲ್ಲಿಟ್ಕೋ. ಈಗ ನೀನು ಬಾ. ಗುತ್ತಿಗೆ ಮುಗಿಯೋವರೆಗೂ ಹೊಸ ಹೆಸರು ಸೇರ್ಸೋಕೆ ಬರಲ್ಲ. ಅಕ್ಕನ ಹೆಸರಲ್ಲೇ ಬಾ."

"ಅದು ಹೆಂಗೆ ಆಗುತ್ತೆ?"

"ಅದೇ ಕೋಟು, ಅದೇ ಟೋಪಿ, ಮುಖಕ್ಕೆ ಅದೇ ಬಟ್ಟೆ. ನಿಮ್ಮನ್ನೆಲ್ಲ ಯಾರು ಮುಖ ನೋಡಿ ಗುರುತು ಹಿಡೀತಾರೆ ಹೇಳು?"

ನಾನು ಪಾತ್ರೆ ತೊಳೆಯುತ್ತಿದ್ದ ಹಾಸ್ಟೆಲ್ಲು ಆ ತಿಂಗಳೇ ಮುಚ್ಚಿತ್ತು. ಅಮ್ಮನ ಮಂಡಿ ಮಡಚುತ್ತಿರಲಿಲ್ಲ. ಒಪ್ಪಿಕೊಂಡೆ. ಪುಸ್ತಕದಲ್ಲಿ ಹೆಸರು ಉಳಿದರೆ ಯಾರೂ ಸತ್ತಂತಲ್ಲ, ಯಾರೂ ಸಾಯದಿದ್ದರೆ ಯಾಕೆ ಸತ್ತರು ಎಂದು ಯಾರೂ ಕೇಳುವುದಿಲ್ಲ ಎನ್ನುವುದು ನನಗೆ ಹೊಳೆದದ್ದು ಆಮೇಲೆ. ಮೊದಲ ದಿನ ಮೇಸ್ತ್ರಿ ಪುಸ್ತಕ ತೆರೆದು, ಅಕ್ಕ ಹಾಕಿದ ಕೊನೆಯ ಸಹಿಯ ಮೇಲೆ ಬೆರಳಿಟ್ಟು "ಹಿಂಗೇ ಹಾಕು" ಎಂದ. ಅವಳು ಬಾರದ ದಿನಗಳ ಚೌಕಗಳಿಗೂ ಅಲ್ಲೇ ನಿಲ್ಲಿಸಿ ಹಾಕಿಸಿದ. ಆಸ್ಪತ್ರೆಯ ಕತ್ತಲೆಯಲ್ಲಿ ಬಿಲ್ಲಾಗಿ ಬಾಗಿದ್ದ ದಿನಗಳಲ್ಲೂ ಅಕ್ಕ ಬೀದಿಯಲ್ಲಿ ಕಸ ಎತ್ತಿದಳು. ಮಣ್ಣಿಗೆ ಹೋದ ದಿನವೂ ಎತ್ತಿದಳು.

ಅಮ್ಮನಿಗೆ, ಕೆಲಸ ಸಿಕ್ಕಿತು ಎಂದಷ್ಟೇ ಹೇಳಿದೆ.

ಆ ಬೀದಿ ಏರು ಬೀದಿ. ಖಾಲಿ ಗಾಡಿಯನ್ನು ಕೆಳಗಿನಿಂದ ತಳ್ಳಿಕೊಂಡು ಹೋಗಿ, ಮೇಲಿನ ಮನೆಯಿಂದ ತುಂಬಿಸುತ್ತ ಇಳಿಯಬೇಕು. ಇಳಿಯುವಾಗ ತುಂಬಿದ ಗಾಡಿ ನಮ್ಮನ್ನೇ ಎಳೆದುಕೊಂಡು ಹೋಗುತ್ತದೆ. ಹಿಮ್ಮಡಿ ಊರಿ, ಬೆನ್ನು ಹಿಂದಕ್ಕೆ ವಾಲಿಸಿ ತಡೆಯಬೇಕು. ನಾಲ್ಕು ಮಹಡಿ ಹತ್ತಿ ಇಳಿಯುವ ಕಟ್ಟಡಗಳು ಆರು ಇದ್ದವು. ಲಿಫ್ಟಿನ ಬಾಗಿಲ ಮೇಲೆ, ಕಸದವರು ಬಳಸಬಾರದು ಎಂದು ಬರೆದಿತ್ತು. ನಾನು ಸೀಟಿ ಊದಿದರೆ ಒಳಗಿನಿಂದ "ಕಸ ಬಂತು" ಎನ್ನುವ ಕೂಗು ಕೇಳುತ್ತಿತ್ತು. ಅಕ್ಕ ಇದನ್ನು ಹೇಳಿ ನಗುತ್ತಿದ್ದಳು. "ಬರೋರು ನಾವು, ಹೋಗೋದು ಕಸ. ಇವರಿಗೆ ಬಂದಿದ್ಯಾವ್ದು ಹೋಗಿದ್ಯಾವ್ದು ಗೊತ್ತಾಗಲ್ಲ."

ಮೇಸ್ತ್ರಿ ಹೇಳಿದ್ದು ನಿಜವಾಯಿತು. ಅರವತ್ತೆರಡು ಮನೆಗಳಲ್ಲಿ ಒಬ್ಬರೂ ನೀನು ಯಾರು ಎಂದು ಕೇಳಲಿಲ್ಲ. ಒಬ್ಬ ಹೆಂಗಸು "ನಿನ್ನೆ ಯಾಕೆ ಲೇಟು?" ಎಂದಳು. ನಿನ್ನೆ ನಾನು ಇರಲೇ ಇಲ್ಲ.

ಒಬ್ಬರು ಮಾತ್ರ ಬೇರೆ ರೀತಿ ಮಾತಾಡಿದರು. ಮೂರನೆಯ ಮನೆಯಲ್ಲಿ ಒಂಟಿಯಾಗಿದ್ದ ರಿಟೈರ್ಡ್ ಟೀಚರಮ್ಮ. ಬಾಗಿಲು ತೆರೆದು, ಕನ್ನಡಕ ಮೇಲೇರಿಸಿ, ನನ್ನನ್ನೇ ನೋಡುತ್ತ ಕೇಳಿದರು:

"ಕೈ ವಾಸಿಯಾಯ್ತೇನಮ್ಮ?"

ಮೆಟ್ಟಿಲ ಕಂಬಿ ಹಿಡಿದುಕೊಂಡೆ.

"ಏನೋ ಗಾಜು ಚುಚ್ಚಿದೆ ಅಂತ ಬಟ್ಟೆ ಸುತ್ಕೊಂಡಿದ್ಯಲ್ಲ. ವಾಸಿಯಾಯ್ತಾ?"

"ವಾಸಿಯಾಯ್ತು" ಎಂದೆ.

"ಹುಷಾರು. ಈ ಬೀದಿ ಜನಕ್ಕೆ ಬುದ್ಧಿ ಇಲ್ಲ" ಎಂದು ತಮ್ಮ ಚೀಲ ಕೊಟ್ಟರು. ಟ್ರಾನ್ಸ್‌ಫಾರ್ಮರಿನ ಹಿಂದೆ ಅದನ್ನು ಬಿಚ್ಚಿದೆ. ಹಣ್ಣಿನ ಸಿಪ್ಪೆಯ ನಡುವೆ ಇಂಜೆಕ್ಷನ್ ಸೂಜಿ ಇತ್ತು. ಮುಚ್ಚಳ ಇರಲಿಲ್ಲ. ಟೀಚರಮ್ಮನಿಗೆ ಸಕ್ಕರೆ ಕಾಯಿಲೆ.

ಆ ದಿನದಿಂದ ನನ್ನ ಬಲಗೈ ಹೆಬ್ಬೆರಳಿನ ಬುಡ ನೋಯತೊಡಗಿತು. ಅಲ್ಲಿ ಗಾಯವಿರಲಿಲ್ಲ, ಊತವಿರಲಿಲ್ಲ. ಮುಚ್ಚಿಟ್ಟ ಚೀಲದಲ್ಲಿ ಹಸಿ ಕಸ ಕೊಳೆಯುವಾಗ ಬೆಚ್ಚಗಾಗುತ್ತದೆ. ಅದು ನನಗೂ ಗೊತ್ತು. ಆದರೂ ಕೈ ಇಳಿಸಿದಾಗೆಲ್ಲ ಒಳಗೆ ಮೊದಲೇ ಇನ್ನೊಂದು ಕೈ ಇದೆ ಎನಿಸುತ್ತಿತ್ತು. ಬೆಚ್ಚಗಿನ ಕೈ. ಏನನ್ನೋ ಹುಡುಕುತ್ತಿರುವ ಕೈ. ಒಮ್ಮೆ ಅದು ನನ್ನ ಬೆರಳು ಹಿಡಿಯಿತು. ಕೂಗಿಕೊಂಡು ಕೈ ಎಳೆದರೆ ಬೆರಳಿಗೆ ಒದ್ದೆ ದಾರ ಸುತ್ತಿಕೊಂಡಿತ್ತು. ಉದ್ದನೆಯವಳು ನನ್ನ ಮುಖ ನೋಡಿದಳು. ಎದ್ದು ಹೋಗಿ ಟೀ ತಂದುಕೊಟ್ಟಳು. ಆಮೇಲೆ ಹೇಳಿದಳು:

"ನನಗೂ ಹಂಗೇ ಆಗುತ್ತೆ. ಅವಳು ಕೂರ್ತಿದ್ದ ಜಾಗದಲ್ಲೇ ನೀನು ಕೂತಿರ್ತೀಯ. ಬಗ್ಗಿದಾಗ ಬೆನ್ನು ಒಂದೇ ಥರ ಕಾಣುತ್ತೆ."

ಇನ್ನೊಂದು ಹುಚ್ಚೂ ಹಿಡಿಯಿತು. ಬಾಗಿಲು ತೆರೆದಾಗ ಒಳಗೆ ನೋಡಿ ಲೋಟ ಎಣಿಸುತ್ತಿದ್ದೆ. ಗಾಜಿನ ಲೋಟಗಳನ್ನು ಜನ ಆರಾರು ತರುತ್ತಾರೆ. ಅಡುಗೆಮನೆಯ ಕಟ್ಟೆಯ ಮೇಲೆ, ಕಪಾಟಿನಲ್ಲಿ, ಊಟದ ಮೇಜಿನ ಮೇಲೆ ಎಣಿಸುತ್ತಿದ್ದೆ. ಯಾವ ಮನೆಯಲ್ಲಿ ಐದಿವೆ? ಆ ಮನೆಯವರ ಮುಖ ನೋಡುತ್ತಿದ್ದೆ. ನಿಮ್ಮ ಮನೆಯದಾ? ಬಾಯಿಯ ತನಕ ಬಂದದ್ದನ್ನು ನುಂಗುತ್ತಿದ್ದೆ. ನಾಲ್ಕು ತಿಂಗಳಲ್ಲಿ ಐದು ಲೋಟದ ಮನೆಗಳು ಹನ್ನೊಂದು ಸಿಕ್ಕವು. ಆಮೇಲೆ ಎಣಿಸುವುದನ್ನು ಬಿಟ್ಟೆ. ಲೋಟ ಒಡೆಯದ ಮನೆ ಎಲ್ಲಿದೆ?

ಅಮ್ಮನಿಗೆ ಗೊತ್ತಾದದ್ದು ಉದ್ದನೆಯವಳ ಬಾಯಿಯಿಂದ. ಒಂದು ಸಂಜೆ ಮನೆಗೆ ಬಂದಿದ್ದವಳು ಮಾತಿನ ನಡುವೆ, "ಇವತ್ತು ಮೇಸ್ತ್ರಿ ದೊಡ್ಡವಳ ಹೆಸರನ್ನ ಎರಡು ಸಲ ಕೂಗ್ಬೇಕಾಯ್ತು, ಇವಳಿಗೆ ಕೇಳಿಸ್ಲೇ ಇಲ್ಲ" ಎಂದುಬಿಟ್ಟಳು. ಅಮ್ಮ ನನ್ನ ಕೋಟಿನ ಗುಂಡಿ ಹೊಲಿಯುತ್ತಿದ್ದಳು.

"ದೊಡ್ಡವಳ ಹೆಸರು ಯಾಕೆ ಕೂಗ್ತಾನೆ?"

ಹೇಳಿದೆ. ಎಲ್ಲವನ್ನೂ ಹೇಳಿದೆ. ಅಮ್ಮ ಸೂಜಿಯನ್ನು ಕೋಟಿಗೇ ಚುಚ್ಚಿ ಕೆಳಗಿಟ್ಟಳು.

"ನನ್ನ ಮಗಳಿಗೆ ಸತ್ತ ಮೇಲೂ ರಜ ಇಲ್ವಾ?"

ಅಷ್ಟೇ ಮಾತು. ಮಾರನೆಯ ಬೆಳಿಗ್ಗೆ ನಾನು ಹೊರಟಾಗ ಬಾಗಿಲಲ್ಲಿ ಕೂತು ಅಕ್ಕನ ಹೆಸರು ಹಿಡಿದು "ಹೋಗಿ ಬಾ" ಎಂದಳು. ಹೊಸ್ತಿಲಲ್ಲೇ ತಿರುಗಿ ನಿಂತೆ.

"ಯಾಕಮ್ಮ ಹಿಂಗೆ ಮಾಡ್ತೀಯಾ?"

"ಪುಸ್ತಕದಲ್ಲಿ ಅವಳು ಬದುಕಿದಾಳೆ ಅಂತೀಯ. ಹಂಗಾದ್ರೆ ಮಣ್ಣಿಗೆ ಹಾಕಿದ್ದು ನಿನ್ನನ್ನ. ನನಗೆ ಇಬ್ಬರು ಹೆಣ್ಮಕ್ಕಳು. ಒಬ್ಬಳಾದ್ರೂ ಸರಿಯಾಗಿ ಇರ್ಬೇಕು ಇಲ್ಲ ಸರಿಯಾಗಿ ಸಾಯ್ಬೇಕು. ಇದೇನಿದು, ಅರ್ಧಂಬರ್ಧ?"

ಆ ವಾರವೇ ಸುದ್ದಿ ಬಂತು. ನಮ್ಮ ಬೀದಿ ಮಾದರಿ ಬೀದಿಯಾಗಿ ಆಯ್ಕೆಯಾಗಿತ್ತು. ಇಡೀ ಊರಿನಲ್ಲಿ ಒಮ್ಮೆಯೂ ಬೆರಕೆ ಕಸ ಶೆಡ್ಡಿಗೆ ಹೋಗದ ಬೀದಿ ಇದೊಂದೇ ಅಂತೆ. ಭಾನುವಾರ ಬೆಳಿಗ್ಗೆ ಸಮಾರಂಭ. ನಗರಸಭೆಯ ಅಧಿಕಾರಿ ಬರುತ್ತಾರೆ. ಬೀದಿಯ ಸಂಘಕ್ಕೆ ಫಲಕ, ಕಸದವಳಿಗೆ ಸನ್ಮಾನ.

ಹಿಂದಿನ ದಿನ ಮೇಸ್ತ್ರಿ ನನಗೆ ಪಾಠ ಹೇಳಿದ. "ಹೆಸರು ಕರೀತಾರೆ. ಸ್ಟೇಜು ಹತ್ತು, ಕೈ ಮುಗಿ, ಕೊಟ್ಟಿದ್ದು ತಗೋ, ಇಳಿ. ಬಾಯಿ ಬಿಡಬೇಡ."

ಭಾನುವಾರ ಎಂದಿನಂತೆ ಮೇಲಿನಿಂದ ಚೀಲ ಎತ್ತುತ್ತ ಬಂದೆವು. ಟ್ರಾನ್ಸ್‌ಫಾರ್ಮರಿನ ಹತ್ತಿರ ಉದ್ದನೆಯವಳು ಟಾರ್ಪಾಲು ಬಿಡಿಸಿದಳು.

"ಇವತ್ತು ಬೇಡ" ಎಂದೆ.

ಅವಳು ನನ್ನನ್ನು ನೋಡಿದಳು. ಟಾರ್ಪಾಲನ್ನು ಮಡಚಿ ಗಾಡಿಯ ಅಡಿಗೆ ತುರುಕಿದಳು. ಇಬ್ಬರೂ ಗಾಡಿ ತಳ್ಳಿಕೊಂಡು ಹೋಗಿ ವೇದಿಕೆಯ ಪಕ್ಕದಲ್ಲಿ ನಿಲ್ಲಿಸಿದೆವು. ಮುಂದಿನ ಸಾಲಿನಲ್ಲಿದ್ದವರು ಮೂಗಿಗೆ ಕರವಸ್ತ್ರ ಹಿಡಿದರು. ಯಾರೋ "ಗಾಡಿ ಆ ಕಡೆ" ಎಂದರು. ನಾವು ಅಲ್ಲಾಡಲಿಲ್ಲ.

ಸಂಘದ ಅಧ್ಯಕ್ಷರು ಮಾತಾಡಿದರು. ಬಟ್ಟೆ ಅಂಗಡಿ ಇಟ್ಟವರು, ಮಾತು ಬಲ್ಲವರು. "ನಮ್ಮಲ್ಲಿ ವಿಂಗಡಣೆ ಮನೆಯೊಳಗೇ ಆಗುತ್ತೆ. ನಮ್ಮ ಮಕ್ಕಳಿಗೂ ಹಸಿ ಯಾವುದು ಒಣ ಯಾವುದು ಗೊತ್ತು. ಇದು ಅಭ್ಯಾಸ ಅಲ್ಲ, ಇದು ನಮ್ಮ ಸಂಸ್ಕಾರ" ಎಂದರು. ಚಪ್ಪಾಳೆ ಬಿತ್ತು. "ಹಾಗೇ ನಮ್ಮ ಬೀದಿಯ ಈ ಸಹೋದರಿ. ಹಾಜರಿ ಪುಸ್ತಕ ನೋಡಿದೆವು. ವರ್ಷದಲ್ಲಿ ಒಂದು ದಿನವೂ ರಜ ಹಾಕಿಲ್ಲ" ಎಂದು ಅಕ್ಕನ ಹೆಸರು ಕರೆದರು. ಮೈಕಿನಲ್ಲಿ ಆ ಹೆಸರು ಎದುರಿನ ಗೋಡೆಗೆ ಬಡಿದು ಮತ್ತೊಮ್ಮೆ ಕೇಳಿಸಿತು.

ಹತ್ತಿದೆ. ಅವರು ನನ್ನ ಕೈಗೆ ಒಂದು ಪ್ಯಾಕೆಟ್ಟು ಇಟ್ಟರು. ಕಿತ್ತಳೆ ಬಣ್ಣದ ರಬ್ಬರಿನ ದಪ್ಪ ಗ್ಲೌಸು, ಒಂದು ಜೊತೆ.

ಅದನ್ನು ನೋಡಿದ ಮೇಲೆ ನನ್ನ ಕಾಲು ಇಳಿಯಲಿಲ್ಲ.

"ನೀವು ಕರೆದವಳು ಬರಲ್ಲ" ಎಂದೆ. ಮೈಕು ಹತ್ತಿರವಿತ್ತು. "ಅವಳು ಸತ್ತು ಏಳು ತಿಂಗಳಾಯ್ತು. ನಾನು ಅವಳ ತಂಗಿ."

ಯಾರೋ ನಕ್ಕರು. ತಮಾಷೆ ಎಂದುಕೊಂಡಿರಬೇಕು. ಅಧ್ಯಕ್ಷರೂ ಅರ್ಧ ನಕ್ಕು ನಿಲ್ಲಿಸಿದರು.

"ಈ ಬೀದಿಯ ಚೀಲದಲ್ಲಿ ಒಡೆದ ಲೋಟ ಇತ್ತು. ಅದು ಚುಚ್ಚಿ ಸತ್ಲು. ಹನ್ನೆರಡು ನಿಯಮಾನೂ ನಿಮ್ಮ ಬಾಗಿಲಲ್ಲಿ ನಿಂತು ಹೇಳಿದ್ಲು. ನೀವು ಯಾರೂ ಬೇರೆ ಮಾಡಿಲ್ಲ. ದಿನಾ ಆ ಟ್ರಾನ್ಸ್‌ಫಾರ್ಮರ್ ಹಿಂದೆ ಅವಳು ಬೇರೆ ಮಾಡಿದ್ಲು. ಅವಳಾದ ಮೇಲೆ ನಾನು ಮಾಡಿದೀನಿ. ನಿಮಗೆ ಫಲಕ ಬಂದಿರೋದು ನಮ್ಮ ಕೈಯಿಂದ."

"ಅಮ್ಮ, ಇದು ಅದಕ್ಕೆ ಸಮಯ ಅಲ್ಲ" ಎಂದರು ಅಧ್ಯಕ್ಷರು, ಮೆತ್ತಗೆ.

"ಅವಳಿಗೂ ಸಮಯ ಇರ್ಲಿಲ್ಲ. ದವಾಖಾನೆ ಹನ್ನೆರಡಕ್ಕೆ ಮುಚ್ತಿತ್ತು."

ಗಾಡಿಯ ಕಡೆ ಕೈ ತೋರಿಸಿದೆ. "ಇವತ್ತಿನ ಕಸ ಅಲ್ಲಿದೆ. ನಾವು ಮುಟ್ಟಿಲ್ಲ. ಬನ್ನಿ, ಒಂದು ಚೀಲ ಬಿಚ್ಚಿ. ಬರೀ ಕೈ ಬೇಡ, ಈ ಗ್ಲೌಸು ಹಾಕ್ಕೊಳ್ಳಿ." ಪ್ಯಾಕೆಟ್ಟನ್ನು ಅವರ ಮುಂದೆ ಹಿಡಿದೆ.

ಅವರು ತೆಗೆದುಕೊಳ್ಳಲಿಲ್ಲ. ಅಧಿಕಾರಿ ಮೊಬೈಲು ನೋಡುತ್ತಿದ್ದರು. ಮೇಸ್ತ್ರಿ ಮೈಕಿನ ವೈರು ಕಿತ್ತ. ಆದರೂ ನನ್ನ ದನಿ ಕೇಳುತ್ತಿತ್ತು.

"ಅದು ಯಾರ ಮನೆ ಲೋಟ?" ಎಂದು ಕೇಳಿದೆ. "ಬಯ್ಯಲ್ಲ. ಹೇಳಿ ಸಾಕು. ಅವಳು ಹೇಳೋಕೆ ಹೋಗಿ ಸತ್ಲು."

ಯಾರೂ ಹೇಳಲಿಲ್ಲ. ಟೀಚರಮ್ಮ ಕುರ್ಚಿಯಿಂದ ಎದ್ದರು.

"ಕೈ ವಾಸಿಯಾಯ್ತು ಅಂತ ನನಗೆ ಹೇಳಿದ್ದು?"

"ನಾನು."

"ಆಗ ಅವಳು..."

"ಆಗಲೇ ಇರ್ಲಿಲ್ಲ."

ಅವರು ಗಾಡಿಯ ಹತ್ತಿರ ಬಂದು ಚೀಲಗಳ ನಡುವೆ ತಮ್ಮದನ್ನು ಹುಡುಕಿದರು. ಹಳದಿ ಗಂಟಿನ ಚೀಲ. ಅದನ್ನು ಎರಡೂ ಕೈಯಲ್ಲಿ ಎದೆಯಿಂದ ದೂರ ಹಿಡಿದುಕೊಂಡು, ಯಾರನ್ನೂ ನೋಡದೆ ಏರು ಹತ್ತಿ ಮನೆಗೆ ಹೋದರು. ಇನ್ನಿಬ್ಬರು ಎದ್ದು ತಮ್ಮ ಚೀಲ ತೆಗೆದುಕೊಂಡರು. ಉಳಿದವರು ಕುರ್ಚಿ ಸರಿಸಿ ನಡೆದರು. ಒಬ್ಬ ಗಂಡಸು ಹೋಗುತ್ತ, "ಇವಕ್ಕೆಲ್ಲ ಸನ್ಮಾನ ಬೇರೆ ಕೇಡು" ಎಂದ. ಮೇಸ್ತ್ರಿ ನನ್ನ ತೋಳು ಹಿಡಿದು ಕೆಳಗೆ ಎಳೆದ. ಉದ್ದನೆಯವಳು ಅವನ ಕೈ ಬಿಡಿಸಿದಳು. ಅವಳು ಅವನಿಗಿಂತ ಒಂದು ಗೇಣು ಎತ್ತರ.

ಮೂರು ದಿನದ ಮೇಲೆ ಆದೇಶ ಬಂತು. ಕರ್ತವ್ಯದ ವೇಳೆ ಅನುಚಿತ ವರ್ತನೆಗಾಗಿ ಕೆಲಸದಿಂದ ತೆಗೆದುಹಾಕಲಾಗಿದೆ. ಆದೇಶ ಅಕ್ಕನ ಹೆಸರಿಗಿತ್ತು. ಅಮ್ಮ ಎರಡು ಸಲ ಓದಿಸಿದಳು.

"ಸತ್ತವಳನ್ನ ಕೆಲಸದಿಂದ ತೆಗೆದ್ರು" ಎಂದಳು. "ಇನ್ನು ಅವಳಿಂದ ತೆಗೆಯೋದು ಏನು ಉಳಿದಿದೆ?"

ಉದ್ದನೆಯವಳು ಮತ್ತು ಇನ್ನೂ ಎಂಟು ಜನ ಹೆಂಗಸರು ನಾಲ್ಕು ದಿನ ಬೆರಕೆ ಚೀಲ ಮುಟ್ಟಲಿಲ್ಲ. ಒಂಬತ್ತನೆಯ ನಿಯಮ ಎಂದು ಹೇಳಿ, ಕೈ ಕಟ್ಟಿ ಬಾಗಿಲಲ್ಲಿ ನಿಂತರು. ಬೀದಿ ನಾರಿತು. ಐದನೆಯ ದಿನ ಗುತ್ತಿಗೆದಾರ ಬೇರೆ ಊ‌ರಿನಿಂದ ಜನ ಕರೆತಂದ. ಅವರು ಹೊಟ್ಟೆಗಿಲ್ಲದವರು. ಎತ್ತಿದರು. ನಮ್ಮವರಲ್ಲಿ ಇಬ್ಬರ ಕೆಲಸ ಹೋಯಿತು. ಮಾದರಿ ಬೀದಿ ಎನ್ನುವ ಫಲಕವನ್ನು ಏರಿನ ಬುಡದಲ್ಲಿ ನೆಟ್ಟರು. ಅದು ಈಗಲೂ ಇದೆ.

ಆದರೆ ಆ ಭಾನುವಾರದ್ದನ್ನು ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ಅದು ಊರೆಲ್ಲ ಸುತ್ತಿತು. ಹಾಗಾಗಿ ಅಮ್ಮ ನನ್ನನ್ನು ಕರೆದುಕೊಂಡು, ಆಸ್ಪತ್ರೆಯವರು ಕೊಟ್ಟ ಸಾವಿನ ಕಾಗದ ಹಿಡಿದು ನಗರಸಭೆಗೆ ಹೋದಾಗ ನಮ್ಮನ್ನು ಗೇಟಿನಿಂದ ಓಡಿಸಲಿಲ್ಲ. ಗುಮಾಸ್ತನೊಬ್ಬನ ಮೇಜಿಗೆ ಕಳಿಸಿದರು. ನಡುವಯಸ್ಸಿನವನು, ಕೆಟ್ಟವನಲ್ಲ. ಹಾಜರಿ ಪುಸ್ತಕ ತರಿಸಿದ, ಕಾಗದ ನೋಡಿದ, ತಲೆ ಕೆರೆದುಕೊಂಡ.

"ಕಾಗದದ ಪ್ರಕಾರ ಸತ್ತು ಏಳು ತಿಂಗಳಾಗಿದೆ. ಪುಸ್ತಕದ ಪ್ರಕಾರ ಹೋದ ಭಾನುವಾರದವರೆಗೂ ಕೆಲಸಕ್ಕೆ ಬಂದಿದಾರೆ. ಎರಡೂ ಹೆಂಗೆ ನಿಜ ಆಗುತ್ತೆ?"

"ಕಾಗದ ನಿಜ" ಎಂದಳು ಅಮ್ಮ. "ಪುಸ್ತಕ ಸರಿಮಾಡು."

ಅವನು ಸಾಹೇಬರ ಕೋಣೆಗೆ ಹೋಗಿ ಬಂದ. ಅವರಿಗೂ ಈ ಗಂಟು ಬೇಗ ಬಿಚ್ಚಿದರೆ ಸಾಕಾಗಿತ್ತೋ ಏನೋ. ಕೂತು ನನಗೆ ಹೇಳಿದ:

"ಹೊಡೆದುಹಾಕ್ಬೇಕು. ಸತ್ತ ದಿನದಿಂದ ಈಚೆಗಿನ ಹಾಜರಿ ಅಷ್ಟನ್ನೂ. ಆದ್ರೆ ಯೋಚನೆ ಮಾಡಿ. ಹೊಡೆದ್ರೆ ನೀವು ಇಲ್ಲಿ ಒಂದು ದಿನಾನೂ ಕೆಲಸ ಮಾಡಿಲ್ಲ ಅಂತ ಆಗುತ್ತೆ. ನಾಳೆ ಏನೇ ಕೇಳೋಕೆ ಬಂದ್ರೂ ನಿಮ್ಮ ಹತ್ರ ಒಂದು ಗುರುತೂ ಇರಲ್ಲ."

ಇನ್ನೂರು ಚಿಲ್ಲರೆ ದಿನ. ನಾಲ್ಕು ಮಹಡಿಯ ಮೆಟ್ಟಿಲು, ಏರು, ಇಳಿಜಾರು, ಬೆಚ್ಚಗಿನ ಚೀಲಗಳು. ಅಮ್ಮ ನನ್ನ ಕಡೆ ತಿರುಗಲಿಲ್ಲ. ತೀರ್ಮಾನವನ್ನು ನನಗೇ ಬಿಟ್ಟಿದ್ದಳು.

"ಹೊಡೀರಿ" ಎಂದೆ.

"ಹೇಗೆ ಸತ್ಲು ಅಂತಾನೂ ಬರಿ" ಎಂದಳು ಅಮ್ಮ.

"ಅದಕ್ಕೆ ಇಲ್ಲಿ ಕಾಲಂ ಇಲ್ಲಮ್ಮ."

"ಕಾಲಂ ಇಲ್ದಿದ್ರೆ ಅಂಚಲ್ಲಿ ಬರಿ. ಅಂಚಲ್ಲಿ ಜಾಗ ಇದೆಯಲ್ಲ." ಅವಳು ಮಂಡಿ ಮಡಚದೆಯೇ ಹೇಗೋ ನೆಲಕ್ಕೆ ಜಾರಿ ಕೂತಳು. ಬರೆಯುವವರೆಗೂ ಏಳುವವಳಲ್ಲ ಎಂದು ಅವನಿಗೂ ತಿಳಿಯಿತು. ಅಂಚಿನಲ್ಲಿ ಬರೆದ. ಬೀದಿಯಲ್ಲಿ ಕಸ ವಿಂಗಡಿಸುವಾಗ ಗಾಜು ಚುಚ್ಚಿ ಧನುರ್ವಾಯುವಿನಿಂದ ಮರಣ. ಅಮ್ಮ ಓದಿಸಿ ಕೇಳಿದಳು.

ಆಮೇಲೆ ಅವನು ಸ್ಕೇಲು ಇಟ್ಟು ಕೆಂಪು ಪೆನ್ನಿನಲ್ಲಿ ಹೊಡೆಯತೊಡಗಿದ. ಕೊನೆಯ ಹಾಳೆಯಿಂದ ಹಿಂದಕ್ಕೆ. ಪ್ರತಿ ಚೌಕಕ್ಕೂ ಒಂದು ಗೆರೆ, ಪಕ್ಕದಲ್ಲಿ ಅವನ ಚಿಕ್ಕ ಸಹಿ. ಒಂದೊಂದು ಗೆರೆಗೂ ನನ್ನ ಒಂದೊಂದು ದಿನ ಹೋಯಿತು. ಮಧ್ಯಾಹ್ನವಾಯಿತು. ಅವನು ಊಟಕ್ಕೂ ಏಳಲಿಲ್ಲ. ನನ್ನ ತಿಂಗಳುಗಳು ಮುಗಿದವು. ಮಣ್ಣಿನ ದಿನ ಬಂತು, ಆಸ್ಪತ್ರೆಯ ನಾಲ್ಕು ದಿನ ಬಂದವು. ಕಾಗದದಲ್ಲಿ ಆಸ್ಪತ್ರೆಗೆ ಸೇರಿದ ದಿನ ನೋಡಿ ಅವನ್ನೂ ಹೊಡೆದ. ಮುಂದಿನ ಚೌಕದ ಮೇಲೆ ಸ್ಕೇಲು ಇಟ್ಟವನು ನಿಂತ.

"ಇದೂ ನೀವೇ ಹಾಕಿದ್ದಾ?"

ಬಗ್ಗಿ ನೋಡಿದೆ. ಅದು ಅಕ್ಕ ತಾನೇ ಹಾಕಿದ ಕೊನೆಯ ಸಹಿ. ಮೇಸ್ತ್ರಿ ಬೆರಳಿಟ್ಟು ತೋರಿಸಿದ್ದು ಇದನ್ನೇ. ಸೊಟ್ಟ ಅಕ್ಷರ, ನಡುವೆ ಕಡಿದ ಗೆರೆ, ಬಾಲ ಕೆಳಗೆ ಜಾರಿತ್ತು. ಅವಳ ಸಹಿಯೇ ಹೀಗೆ ಎಂದುಕೊಂಡಿದ್ದೆ. ಈಗ ಅದರ ಹಿಂದಿನ ಚೌಕ ನೋಡಿದೆ. ಅದರ ಹಿಂದಿನದನ್ನು ನೋಡಿದೆ. ಹಿಂದೆ ಹೋದಂತೆ ಅಕ್ಷರ ನೇರವಾಗುತ್ತ ಹೋಯಿತು. ಒಂಬತ್ತು ಚೌಕ ಹಿಂದೆ ಅವು ದುಂಡಗೆ, ಏಳನೆಯ ಕ್ಲಾಸಿನ ಹುಡುಗಿ ಕಾಪಿ ಬರೆದಷ್ಟು ಚಂದವಾಗಿದ್ದವು. ಅದು ಗಾಜು ಚುಚ್ಚಿದ ಬೆಳಿಗ್ಗೆ. ಅಲ್ಲಿಂದ ಮುಂದೆ ಪ್ರತಿ ದಿನ ಆ ಹೆಬ್ಬೆರಳು ಪೆನ್ನು ಹಿಡಿಯಲು ಒದ್ದಾಡಿತ್ತು. ನಾವು ಮನೆಯಲ್ಲಿ ನಗುತ್ತಿದ್ದ ದಿನಗಳವು. ಏಳು ತಿಂಗಳು ನಾನು ಬಹಳ ಜಾಗ್ರತೆಯಿಂದ ಅವಳ ನೋವನ್ನು ನಕಲು ಮಾಡಿದ್ದೆ.

ಅಮ್ಮನಿಗೆ ಓದು ಬರುವುದಿಲ್ಲ. ಆದರೆ ಮೇಜು ಹಿಡಿದು ಎದ್ದವಳು ಆ ಒಂಬತ್ತು ಚೌಕಗಳನ್ನು ಒಂದೊಂದಾಗಿ ನೋಡಿದಳು. ಅವಳಿಗೆ ಯಾರೂ ಏನೂ ವಿವರಿಸಬೇಕಾಗಲಿಲ್ಲ.

"ಇದು ನಾನಲ್ಲ" ಎಂದೆ ಗುಮಾಸ್ತನಿಗೆ. "ಇದು ಅವಳೇ ಬಂದಿದ್ದು."

ಅವನು ಸ್ಕೇಲು ತೆಗೆದ.